ಹಸುಗೂಸಿನ ಇಸುಬು: ರಕ್ತದ ರಿಪೋರ್ಟ್‌ಗಿಂತ ಮೊದಲು ಚರ್ಮ ನೋಡಿ

ಮೂರು ತಿಂಗಳ ಮಗುವಿನ ಕೆನ್ನೆ ಕೆಂಪಾಗಿ ಒರಟಾಗುತ್ತದೆ. ಕೈಕಾಲಿನ ಮೇಲೆ ಒಣ ಚಕ್ಕೆಗಳು ಏಳುತ್ತವೆ, ಕೆಲವು ಕಡೆ ರಸಿಕೆ ಸುರಿಯುತ್ತದೆ. ತುರಿಕೆಗೆ ಮಗು ರಾತ್ರಿಯಿಡೀ ಮಲಗುವುದಿಲ್ಲ. ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ತಾಯಿಯ ತಟ್ಟೆಯ ಬಗ್ಗೆ: "ಏನ್ ತಿಂದ್ಯಮ್ಮ ನೀನು?" ಆಮೇಲಿನ ಹೆಜ್ಜೆ ಲ್ಯಾಬ್. ಕೆಲವು ಸಾವಿರ ರೂಪಾಯಿ ಕೊಟ್ಟರೆ ಹತ್ತಾರು ಆಹಾರಗಳ ಹೆಸರಿನ ಮುಂದೆ ಅಂಕಿ ಬರೆದ 'ಅಲರ್ಜಿ ಪ್ಯಾನೆಲ್' ರಿಪೋರ್ಟ್ ಕೈಗೆ ಬರುತ್ತದೆ. ಅಲ್ಲಿಂದ ಹಾಲು, ಮೊಟ್ಟೆ, ಗೋಧಿ, ಕಡಲೆಕಾಯಿ ಒಂದೊಂದಾಗಿ ಅಡುಗೆಮನೆಯಿಂದ ಆಚೆ ಹೋಗುತ್ತವೆ.

ನನ್ನ ಗೆಳೆಯರ ಬಳಗದಲ್ಲಿ ಈಗ ಮಕ್ಕಳಾಗುವ ಕಾಲ. ಇಂಥ ರಿಪೋರ್ಟ್‌ಗಳು ವಾಟ್ಸಾಪ್‌ನಲ್ಲಿ ನನಗೂ ಬರುತ್ತವೆ, "ಸೈನ್ಸ್ ಬರೀತೀಯಲ್ಲ, ಇದೇನು ಹೇಳು" ಅಂತ. ನಾನು ಡಾಕ್ಟರ್ ಅಲ್ಲ. ಆದರೆ ಈ ವಿಷಯದ ಸಂಶೋಧನೆಗಳನ್ನು ಓದುತ್ತಾ ಹೋದಂತೆ ಒಂದು ಮಾತು ಸ್ಪಷ್ಟವಾಯಿತು: ನಮ್ಮ ಮನೆಗಳಲ್ಲಿ ಕಾರಣ ಮತ್ತು ಪರಿಣಾಮ ಅದಲುಬದಲಾಗಿವೆ. ಆಹಾರದಿಂದ ಪ್ರತಿಕಾಯ, ಪ್ರತಿಕಾಯದಿಂದ ಇಸುಬು ಅಂತ ನಾವು ಅಂದುಕೊಂಡಿದ್ದೇವೆ. ಬಹಳಷ್ಟು ಮಕ್ಕಳಲ್ಲಿ ಚರ್ಮ ಮೊದಲು ಕೆಡುತ್ತದೆ, ಆಮೇಲೆ ಆಹಾರದ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ. ಈ ಕ್ರಮ ಗೊತ್ತಿದ್ದರೆ ಮಗುವಿನ ತಟ್ಟೆಯಲ್ಲಿ ಏನು ಉಳಿಯಬೇಕು ಅನ್ನೋ ತೀರ್ಮಾನವೇ ಬದಲಾಗುತ್ತದೆ.

ಇಸುಬು ಅಂದರೆ ಯಾವುದು?

ಡಾಕ್ಟರುಗಳು ಅಟೋಪಿಕ್ ಡರ್ಮಟೈಟಿಸ್ ಅಂತ ಬರೆಯುವ, ನಾವು ಎಕ್ಸಿಮಾ ಎನ್ನುವ ಕಾಯಿಲೆಗೆ ಕನ್ನಡದಲ್ಲಿ ಇಸುಬು ಎಂಬ ಹಳೆಯ ಪದವಿದೆ. ಕಜ್ಜಿಯೇ ಬೇರೆ. ಅದು ಹುಳದಿಂದ ಬರುತ್ತದೆ, ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಇಸುಬು ಅಂಟುವುದಿಲ್ಲ. ಶ್ರೀಮಂತ ದೇಶಗಳಲ್ಲಿ ಐದರಲ್ಲಿ ಒಂದು ಮಗುವಿನವರೆಗೂ ಇದು ಕಾಣಿಸುತ್ತದೆ. ಹೆಚ್ಚಿನವರಲ್ಲಿ ಶುರುವಾಗುವುದು ಮೊದಲ ವರ್ಷದಲ್ಲೇ. ಬಹಳ ಮಕ್ಕಳಲ್ಲಿ ಬೆಳೆಯುತ್ತಾ ಕಡಿಮೆಯಾಗುತ್ತದೆ. ಕೆಲವರಲ್ಲಿ ಮಾತ್ರ ಇಸುಬಿನ ಹಿಂದೆ ಆಹಾರದ ಅಲರ್ಜಿ, ಆಮೇಲೆ ಆಸ್ತಮಾ, ಮೂಗಿನ ಅಲರ್ಜಿ ಸಾಲಾಗಿ ಬರುತ್ತವೆ.

ಹುಟ್ಟುವಾಗ ಮಗುವಿನ ರಕ್ತದಲ್ಲಿ ಏನಿರುತ್ತೆ?

ರೋಗಾಣುಗಳನ್ನು ಗುರುತಿಸಿ ಹಿಡಿಯಲು ದೇಹ ತಯಾರಿಸುವ ಪ್ರೊಟೀನುಗಳೇ ಪ್ರತಿಕಾಯಗಳು. ಇವುಗಳಲ್ಲಿ ಹಲವು ಬಗೆ ಇವೆ. ನಮ್ಮ ಕಥೆಗೆ ನಾಲ್ಕು ಸಾಕು: ಐಜಿಜಿ, ಐಜಿಎಂ, ಐಜಿಎ, ಐಜಿಇ.

ಹುಟ್ಟಿದ ಮಗುವಿನ ರಕ್ತದಲ್ಲಿರುವ ಐಜಿಜಿ ಬಹುಪಾಲು ಅಮ್ಮನದ್ದು. ಮಾಸಿನಲ್ಲಿರುವ ಒಂದು ವಿಶೇಷ ಗ್ರಾಹಕ ಐಜಿಜಿಯನ್ನು ಮಾತ್ರ ಆರಿಸಿ ಮಗುವಿನ ಕಡೆ ದಾಟಿಸುತ್ತದೆ. ಈ ಸಾಗಾಟ ಜೋರಾಗುವುದು ಬಸುರಿನ ಕೊನೆಯ ಮೂರು ತಿಂಗಳಲ್ಲಿ. ಅದಕ್ಕೇ ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಐಜಿಜಿ ಅಮ್ಮನಷ್ಟೇ, ಕೆಲವೊಮ್ಮೆ ಅವಳಿಗಿಂತ ಹೆಚ್ಚೇ ಇರುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಈ ಗಂಟು ಸಣ್ಣದು. ಸುಮಾರು ಮೂರು ವಾರಕ್ಕೊಮ್ಮೆ ಇದು ಅರ್ಧಕ್ಕರ್ಧ ಕರಗುತ್ತದೆ. ಮಗುವಿನ ಸ್ವಂತ ಉತ್ಪಾದನೆ ಇನ್ನೂ ಏರುತ್ತಿರುವಾಗಲೇ ಅಮ್ಮನ ಗಂಟು ಖಾಲಿಯಾಗುವುದರಿಂದ ಮೂರರಿಂದ ಆರು ತಿಂಗಳ ನಡುವೆ ಐಜಿಜಿ ಮಟ್ಟ ಅತಿ ಕಡಿಮೆ ಇರುತ್ತದೆ.

ಐಜಿಎಂ ಮಾಸನ್ನು ದಾಟುವುದಿಲ್ಲ. ಹುಟ್ಟಿದ ಮೇಲೆ ಹೊರಗಿನ ಸೂಕ್ಷ್ಮಜೀವಿಗಳನ್ನು ಎದುರಿಸುತ್ತಾ ಮಗುವೇ ಅದನ್ನು ಬೇಗ ಬೇಗ ತಯಾರಿಸಿಕೊಳ್ಳುತ್ತದೆ. ಐಜಿಎ ಎದೆಹಾಲಿನಲ್ಲಿ, ಅದರಲ್ಲೂ ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲಿನಲ್ಲಿ ತುಂಬಾ ಇರುತ್ತದೆ. ಅದು ರಕ್ತಕ್ಕೆ ಹೋಗದೆ ಕರುಳಿನ ಒಳಗೋಡೆಯ ಮೇಲೆ ಕಾವಲು ಕೂರುತ್ತದೆ. ಮಗುವಿನ ಸ್ವಂತ ಐಜಿಎ ಎಲ್ಲಕ್ಕಿಂತ ನಿಧಾನವಾಗಿ ಬೆಳೆಯುವುದರಿಂದ ಹಾಲಿನ ಈ ಕೊಡುಗೆ ಮುಖ್ಯ.

ಇನ್ನು ಐಜಿಇ. ಹುಟ್ಟುವಾಗ ಇದು ಹೆಚ್ಚುಕಡಿಮೆ ಇರುವುದೇ ಇಲ್ಲ. ಅಮ್ಮನದ್ದು ಸಾಮಾನ್ಯವಾಗಿ ದಾಟುವುದಿಲ್ಲ, ಮಗುವಿನದ್ದು ಇನ್ನೂ ತಯಾರಾಗಿಲ್ಲ.

ಸಣ್ಣದಾದರೂ ಖಾರದ ಐಜಿಇ

ಐಜಿಇಯನ್ನು ಗುರುತಿಸಿದ್ದು 1966–67ರಲ್ಲಿ. ಅಮೆರಿಕದ ಡೆನ್ವರ್‌ನಲ್ಲಿ ಜಪಾನಿನ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ, ಸ್ವೀಡನ್ನಿನ ಉಪ್ಸಾಲಾದಲ್ಲಿ ಗುನ್ನಾರ್ ಯೊಹಾನ್ಸನ್ ಮತ್ತು ಹಾನ್ಸ್ ಬೆನ್ನಿಕ್ ಬೇರೆ ಬೇರೆಯಾಗಿ ಕೆಲಸ ಮಾಡಿ ಅದೇ ಪ್ರೊಟೀನನ್ನು ಕಂಡುಕೊಂಡರು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಅದಕ್ಕೆ ಅಧಿಕೃತ ಹೆಸರು ಬಂತು. ಇಷ್ಟು ತಡವಾಗಿ ಸಿಕ್ಕಿದ್ದಕ್ಕೆ ಕಾರಣ ಅದರ ಪ್ರಮಾಣ: ರಕ್ತದಲ್ಲಿ ಐಜಿಜಿಗಿಂತ ಹತ್ತಾರು ಸಾವಿರ ಪಟ್ಟು ಕಡಿಮೆ.

ಪ್ರಮಾಣ ಕಡಿಮೆ, ಪರಿಣಾಮ ಜೋರು. ಚರ್ಮ, ಕರುಳು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಐಜಿಇ ಕೂತಿರುತ್ತದೆ. ತನಗೆ ಗೊತ್ತಿರುವ ಪ್ರೊಟೀನು ಬಂದು ತಾಗಿದರೆ ಆ ಕೋಶ ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಸುರಿಯುತ್ತದೆ. ಪಿತ್ತದ ಗಂಧೆ, ತುಟಿ ಊತ, ಉಸಿರುಕಟ್ಟುವಿಕೆ ಬರುವುದು ಹೀಗೆ. ಮಕ್ಕಳಲ್ಲಿ ಮೊದಲ ಒಂದೆರಡು ವರ್ಷ ಹಾಲು, ಮೊಟ್ಟೆಯಂಥ ಆಹಾರದ ವಿರುದ್ಧ, ಆಮೇಲೆ ಧೂಳಿನ ನುಸಿ, ಪರಾಗದ ವಿರುದ್ಧ ಐಜಿಇ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಇಸುಬಿನ ಎಂಜಿನ್ನೂ ಇದೇನಾ? ಔಷಧಿಗಳು ಇದಕ್ಕೆ ಒಂದು ಉತ್ತರ ಕೊಟ್ಟಿವೆ. ಐಜಿಇಯನ್ನೇ ಹಿಡಿದು ಕಟ್ಟಿಹಾಕುವ ಒಮಾಲಿಜುಮಾಬ್ ಆಸ್ತಮಾದಲ್ಲಿ ಹೆಸರು ಮಾಡಿತು, ಇಸುಬಿನಲ್ಲಿ ಅಂಥ ದೊಡ್ಡ ಫಲ ಕೊಡಲಿಲ್ಲ. ಐಎಲ್-4, ಐಎಲ್-13 ಎಂಬ ಉರಿಯೂತದ ಸಂದೇಶಗಳನ್ನು ತಡೆಯುವ ಡುಪಿಲುಮಾಬ್ ಮಾತ್ರ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಅಮೆರಿಕದಲ್ಲಿ 2017ರಲ್ಲಿ ದೊಡ್ಡವರಿಗೆ, 2022ರಲ್ಲಿ ಆರು ತಿಂಗಳು ದಾಟಿದ ಮಕ್ಕಳಿಗೂ ಅನುಮತಿ ಸಿಕ್ಕಿತು. ಐಜಿಇ ತಯಾರಾಗಲು ಆದೇಶ ಕೊಡುವುದೂ ಇದೇ ಸಂದೇಶಗಳು. ಒಂದೇ ಬೇರಿನಿಂದ ಎರಡು ಕೊಂಬೆ: ಒಂದು ಇಸುಬು, ಇನ್ನೊಂದು ಐಜಿಇ. ಐಜಿಇ ಏರದೆಯೂ ಇಸುಬು ಇರುವ ಮಕ್ಕಳು ಸಾಕಷ್ಟಿದ್ದಾರೆ.

ಗೋಡೆಯಲ್ಲಿ ಬಿರುಕು

ಆ ಬೇರನ್ನು ಹುಡುಕಿ ಹೋದವರಿಗೆ 2006ರಲ್ಲಿ ದೊಡ್ಡ ಸುಳಿವು ಸಿಕ್ಕಿತು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಅರ್ವಿನ್ ಮೆಕ್ಲೀನ್ ಮತ್ತು ಜೊತೆಗಾರರು ಫಿಲಾಗ್ರಿನ್ ಎಂಬ ಪ್ರೊಟೀನಿನ ಜೀನ್‌ನಲ್ಲಿರುವ ದೋಷಗಳಿಗೂ ಇಸುಬಿಗೂ ಗಟ್ಟಿ ನಂಟಿದೆ ಅಂತ ತೋರಿಸಿದರು. ಚರ್ಮದ ಹೊರಪದರದ ಕೋಶಗಳನ್ನು ಒತ್ತಾಗಿ ಕಟ್ಟುವುದು, ಒಡೆದ ಮೇಲೆ ತೇವ ಹಿಡಿದಿಡುವುದು ಫಿಲಾಗ್ರಿನ್ ಕೆಲಸ. ಇಟ್ಟಿಗೆ ಗೋಡೆಯಲ್ಲಿ ಗಾರೆ ಸರಿಯಿಲ್ಲದಿದ್ದರೆ ಏನಾಗುತ್ತೋ ಅದೇ ಇಲ್ಲೂ ಆಗುತ್ತದೆ: ಒಳಗಿನ ನೀರು ಆರಿಹೋಗುತ್ತದೆ, ಹೊರಗಿನದು ಒಳಗೆ ನುಗ್ಗುತ್ತದೆ.

ಯುರೋಪ್ ಮೂಲದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇಂಥ ದೋಷ ಇದೆ. ಜಪಾನ್, ಚೀನಾ, ಸಿಂಗಪುರಗಳಲ್ಲಿ ಅದೇ ಜೀನ್‌ನಲ್ಲಿ ಬೇರೆ ಬೇರೆ ದೋಷಗಳು ಸಿಕ್ಕಿವೆ. ದೋಷ ಇರುವ ಎಲ್ಲರಿಗೂ ಇಸುಬು ಬರಲ್ಲ, ಇಸುಬು ಇರುವ ಎಲ್ಲರಲ್ಲೂ ದೋಷ ಇರಲ್ಲ. ಇದು ಅಪಾಯವನ್ನು ಹೆಚ್ಚಿಸುವ ಒಂದು ಅಂಶ, ಹಣೆಬರಹ ಅಲ್ಲ.

ಐರ್ಲೆಂಡಿನ ಕಾರ್ಕ್ ನಗರದ ಅಧ್ಯಯನವೊಂದು 2015ರಲ್ಲಿ ಇನ್ನೊಂದು ಸಂಗತಿ ತೋರಿಸಿತು. ಹುಟ್ಟಿದ ಎರಡನೇ ದಿನ ಮಗುವಿನ ಚರ್ಮದಿಂದ ಎಷ್ಟು ನೀರು ಆವಿಯಾಗುತ್ತಿದೆ ಅಂತ ಅಳೆದರು. ಹೆಚ್ಚು ನೀರು ಕಳೆದುಕೊಳ್ಳುತ್ತಿದ್ದ ಮಕ್ಕಳಿಗೆ ಒಂದು ವರ್ಷದ ಹೊತ್ತಿಗೆ ಇಸುಬು ಬರುವ ಸಾಧ್ಯತೆ ಹೆಚ್ಚಿತ್ತು. ಎರಡನೇ ದಿನ ಅಂದರೆ ಗುಳ್ಳೆ ಎದ್ದಿಲ್ಲ, ಮಗು ಹಾಲು ಬಿಟ್ಟು ಬೇರೇನನ್ನೂ ತಿಂದಿಲ್ಲ. ಗೋಡೆ ಆಗಲೇ ಸೋರುತ್ತಿತ್ತು.

ಚರ್ಮದ ದಾರಿ, ಬಾಯಿಯ ದಾರಿ

ಸೋರುವ ಚರ್ಮದ ಮೂಲಕ ಆಹಾರದ ಕಣ ಒಳಗೆ ಹೋದರೆ? ಮನೆಯ ಧೂಳಿನಲ್ಲಿ, ದೊಡ್ಡವರ ಕೈಯಲ್ಲಿ, ಹಾಸಿಗೆಯಲ್ಲಿ ಮೊಟ್ಟೆ, ಕಡಲೆಕಾಯಿ, ಹಾಲಿನ ಕಣಗಳು ಇದ್ದೇ ಇರುತ್ತವೆ. ಗಾಯಗೊಂಡ ಚರ್ಮದ ಕೋಶಗಳು ಅಪಾಯದ ಗಂಟೆ ಬಾರಿಸುತ್ತಿರುವಾಗ ಒಳಗೆ ಬಂದ ಅಪರಿಚಿತ ಪ್ರೊಟೀನನ್ನು ದೇಹ ಶತ್ರು ಅಂತಲೇ ದಾಖಲಿಸಿಕೊಂಡು ಐಜಿಇ ತಯಾರಿಸುತ್ತದೆ. ಅದೇ ಪ್ರೊಟೀನು ಬಾಯಿಯಿಂದ ಕರುಳಿಗೆ ಹೋದರೆ 'ಇದು ಊಟ' ಅಂತ ಸಹಿಸಿಕೊಳ್ಳಲು ಕಲಿಯುತ್ತದೆ. ಲಂಡನ್ನಿನ ಗಿಡಿಯನ್ ಲ್ಯಾಕ್ ಮುಂದಿಟ್ಟ ಈ ಎರಡು ದಾರಿಯ ಸಿದ್ಧಾಂತಕ್ಕೆ ಈಗ ಸಾಕಷ್ಟು ಪುರಾವೆ ಸೇರಿದೆ.

2003ರಲ್ಲಿ ಅವರ ತಂಡ ಇಂಗ್ಲೆಂಡಿನ ಏವನ್ ಪ್ರದೇಶದ ಸುಮಾರು 14 ಸಾವಿರ ಮಕ್ಕಳ ಮಾಹಿತಿ ನೋಡಿತು. ಕಡಲೆಕಾಯಿ ಅಲರ್ಜಿಗೂ ಕಡಲೆಕಾಯಿ ಎಣ್ಣೆ ಇರುವ ಚರ್ಮದ ಕ್ರೀಮುಗಳಿಗೂ ನಂಟು ಕಂಡಿತು. ಬಸುರಿಯಲ್ಲಿ ತಾಯಿ ಕಡಲೆಕಾಯಿ ತಿಂದದ್ದಕ್ಕೂ ಮಗುವಿನ ಅಲರ್ಜಿಗೂ ನಂಟು ಕಾಣಲಿಲ್ಲ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಕಡಲೆಕಾಯಿ ವಿರುದ್ಧದ ಐಜಿಇ ಸಿಗಲೂ ಇಲ್ಲ. ಅಂದರೆ ಅಲರ್ಜಿ ಶುರುವಾದದ್ದು ಹುಟ್ಟಿದ ಮೇಲೆ.

ಜಪಾನಿನಲ್ಲಿ ನಡೆದದ್ದು ಇನ್ನೂ ನೇರ ಉದಾಹರಣೆ. ಅಲ್ಲಿ ಮುಖ ತೊಳೆಯುವ ಒಂದು ಸೋಪಿನಲ್ಲಿ ಗೋಧಿ ಪ್ರೊಟೀನಿನ ಅಂಶ ಇತ್ತು. ಅದನ್ನು ಬಳಸಿದವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ತಿಂದರೆ ಅಲರ್ಜಿ ಆಗತೊಡಗಿತು. ಅದಕ್ಕೂ ಮೊದಲು ಗೋಧಿಯನ್ನು ಸಲೀಸಾಗಿ ತಿನ್ನುತ್ತಿದ್ದವರು ಅವರು.

ಬಾಯಿಯ ದಾರಿಯ ಪರೀಕ್ಷೆ ಆದದ್ದು ಲೀಪ್ ಅಧ್ಯಯನದಲ್ಲಿ. ಅಮೆರಿಕದ ಮಕ್ಕಳ ವೈದ್ಯರ ಸಂಘ 2000ರಲ್ಲಿ, ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಕೊಡಬೇಡಿ ಅಂತ ಸಲಹೆ ಮಾಡಿತ್ತು, 2008ರಲ್ಲಿ ಅದನ್ನು ಕೈಬಿಟ್ಟಿತು. ಅದೇ ವರ್ಷ ಲ್ಯಾಕ್ ತಂಡ ಇನ್ನೊಂದು ಹೋಲಿಕೆ ಪ್ರಕಟಿಸಿತು: ಕಡಲೆಕಾಯಿ ತಿನಿಸನ್ನು ಮೊದಲ ವರ್ಷದಲ್ಲೇ ತಿನ್ನುವ ಇಸ್ರೇಲಿನ ಮಕ್ಕಳಿಗಿಂತ ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚು. ಆಮೇಲೆ ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 4ರಿಂದ 11 ತಿಂಗಳ 640 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕಡಲೆಕಾಯಿ ತಿನ್ನಿಸಿದರು, ಇನ್ನೊಂದಕ್ಕೆ ಕೊಡಲಿಲ್ಲ. 2015ರಲ್ಲಿ ಬಂದ ಫಲಿತಾಂಶ: ಐದು ವರ್ಷದ ಹೊತ್ತಿಗೆ ತಿನ್ನದವರಲ್ಲಿ 17.2% ಮಕ್ಕಳಿಗೆ ಅಲರ್ಜಿ, ತಿಂದವರಲ್ಲಿ 3.2%.

ಆಸ್ಟ್ರೇಲಿಯಾದ ಹೆಲ್ತ್‌ನಟ್ಸ್ ಅಧ್ಯಯನ ಇದಕ್ಕೆ ಇನ್ನೊಂದು ಅಂಕಿ ಸೇರಿಸಿತು. ಇಸುಬು ಇದ್ದ ಮಕ್ಕಳಿಗೆ ಒಂದು ವರ್ಷದೊಳಗೆ ಕಡಲೆಕಾಯಿ ಅಲರ್ಜಿ ಬರುವ ಸಾಧ್ಯತೆ ಇಸುಬಿಲ್ಲದವರಿಗಿಂತ 11 ಪಟ್ಟು, ಮೊಟ್ಟೆ ಅಲರ್ಜಿ ಸುಮಾರು 6 ಪಟ್ಟು ಹೆಚ್ಚು. ಇಸುಬಿರುವ ಮಗುವಿನ ತಟ್ಟೆಯಿಂದ ಆಹಾರ ತೆಗೆದುಹಾಕುವುದು ಎಷ್ಟು ದುಬಾರಿ ತಪ್ಪು ಅನ್ನೋದು ಇಲ್ಲಿ ಗೊತ್ತಾಗುತ್ತೆ. ಚರ್ಮದ ದಾರಿ ತೆರೆದೇ ಇರುತ್ತೆ, ಸಹಿಸಲು ಕಲಿಸುವ ಬಾಯಿಯ ದಾರಿಯನ್ನು ನಾವೇ ಮುಚ್ಚುತ್ತೇವೆ.

ಹಾಗಾದರೆ ಎಲ್ಲ ಮಕ್ಕಳಿಗೂ ಕ್ರೀಮ್ ಮೆತ್ತಿದರೆ ಸಾಕಾ?

ಹಾಗೇ ಅಂದುಕೊಂಡಿದ್ದರು. 2014ರಲ್ಲಿ ಎರಡು ಸಣ್ಣ ಪ್ರಯೋಗಗಳು ಆಸೆ ಹುಟ್ಟಿಸಿದವು. ಆದರೆ 2020ರಲ್ಲಿ ಬ್ರಿಟನ್ನಿನ ಬೀಪ್ ಅಧ್ಯಯನ 1,394 ನವಜಾತ ಶಿಶುಗಳ ಮೇಲೆ ಇದನ್ನು ಪರೀಕ್ಷಿಸಿತು. ವರ್ಷವಿಡೀ ದಿನಾ ಮಾಯಿಶ್ಚರೈಸರ್ ಹಚ್ಚಿದ ಗುಂಪಿನಲ್ಲಿ ಎರಡು ವರ್ಷಕ್ಕೆ 23% ಮಕ್ಕಳಿಗೆ ಇಸುಬು, ಹಚ್ಚದವರಲ್ಲಿ 25%. ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ಚರ್ಮದ ಸೋಂಕು ಹಚ್ಚಿದವರಲ್ಲೇ ತುಸು ಹೆಚ್ಚಿತ್ತು. ನಾರ್ವೆ, ಸ್ವೀಡನ್ನಿನ ದೊಡ್ಡ ಪ್ರಯೋಗವೂ ಅದೇ ವರ್ಷ ಇದನ್ನೇ ಹೇಳಿತು. ಹಾಗಾಗಿ ಆರೋಗ್ಯವಂತ ಮಗುವಿಗೆ 'ಇಸುಬು ಬಾರದಂತೆ' ಅಂತ ದುಬಾರಿ ಬೇಬಿ ಕ್ರೀಮ್ ಮಾರುವವರ ಮಾತಿಗೆ ಆಧಾರವಿಲ್ಲ.

ಬಂದಿರುವ ಇಸುಬಿಗೆ ಬೇಗ ಚಿಕಿತ್ಸೆ ಮಾಡುವುದು ಬೇರೆ ವಿಷಯ. ಜಪಾನಿನ ಪಾಸಿ ಪ್ರಯೋಗದಲ್ಲಿ 7ರಿಂದ 13 ವಾರದ, ಇಸುಬಿದ್ದ 650 ಮಕ್ಕಳನ್ನು ತೆಗೆದುಕೊಂಡರು. ಒಂದು ಗುಂಪಿಗೆ ಗುಳ್ಳೆ ಇದ್ದ ಕಡೆ ಮಾತ್ರ ಸ್ಟೀರಾಯ್ಡ್ ಮುಲಾಮು, ಇನ್ನೊಂದಕ್ಕೆ ಚರ್ಮದ ಉರಿಯೂತ ಪೂರ್ತಿ ತಣಿಯುವಂತೆ ಹೆಚ್ಚಿನ ಚಿಕಿತ್ಸೆ. 2023ರ ಫಲಿತಾಂಶದ ಪ್ರಕಾರ ಮೊದಲ ಗುಂಪಿನಲ್ಲಿ 41.9% ಮಕ್ಕಳಿಗೆ ಮೊಟ್ಟೆ ಅಲರ್ಜಿ, ಎರಡನೆಯದರಲ್ಲಿ 31.4%. ಚರ್ಮ ಸರಿಪಡಿಸಿದರೆ ಆಹಾರದ ಅಲರ್ಜಿ ತಗ್ಗುತ್ತದೆ ಅನ್ನೋದಕ್ಕೆ ಸಿಕ್ಕ ನೇರ ಸಾಕ್ಷಿ ಇದು. ಆದರೆ ಹೆಚ್ಚು ಮುಲಾಮು ಬಳಸಿದ ಮಕ್ಕಳ ತೂಕ, ಎತ್ತರ ಸ್ವಲ್ಪ ಕಡಿಮೆ ಇತ್ತು. ಆದ್ದರಿಂದ ಇದು ಡಾಕ್ಟರ್ ಉಸ್ತುವಾರಿಯಲ್ಲೇ ಆಗಬೇಕಾದ ಕೆಲಸ.

ಮೈಸೂರು ಹೇಳಿದ ಪಾಠ

ಈಗ ಲ್ಯಾಬ್ ರಿಪೋರ್ಟ್‌ಗೆ ಬರೋಣ. ನಾನು ಓದಿದ್ದು ಎಂಜಿನಿಯರಿಂಗ್. ಸರ್ವರ್ ಲಾಗ್‌ನಲ್ಲಿ ದಿನಕ್ಕೆ ನೂರು ವಾರ್ನಿಂಗ್ ಬರುತ್ತವೆ. ಸಿಸ್ಟಮ್ ಸರಿಯಾಗಿ ನಡೆಯುತ್ತಿದ್ದರೆ ಯಾರೂ ಅದನ್ನು ಆಫ್ ಮಾಡಲ್ಲ. ಐಜಿಇ ಪಾಸಿಟಿವ್ ಅನ್ನೋದು ಆ ವಾರ್ನಿಂಗ್ ಥರ. ದೇಹ ಆ ಪ್ರೊಟೀನನ್ನು ಗುರುತು ಹಾಕಿಕೊಂಡಿದೆ ಅಂತಷ್ಟೇ ಅದರ ಅರ್ಥ. ಅದನ್ನು ತಿಂದರೆ ಮೈಗೆ ಆಗಲ್ಲ ಅಂತ ಅದು ಹೇಳುವುದಿಲ್ಲ.

ಇದಕ್ಕೆ ಒಳ್ಳೆಯ ಪುರಾವೆ ನಮ್ಮಲ್ಲೇ ಇದೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಪಿ.ಎ. ಮಹೇಶ್ ಮತ್ತು ಜೊತೆಗಾರರು ಯುರೋಪಿನ ಸಂಶೋಧಕರೊಂದಿಗೆ ಸೇರಿ ಕರ್ನಾಟಕದ ವಯಸ್ಕರಲ್ಲಿ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ರಕ್ತ ಪರೀಕ್ಷೆ ಮಾಡಿಸಿಕೊಂಡ 588 ಜನರಲ್ಲಿ 26.5% ಮಂದಿಗೆ 24 ಆಹಾರಗಳಲ್ಲಿ ಒಂದಕ್ಕಾದರೂ ಐಜಿಇ ಇತ್ತು. ತಾವು ಅಷ್ಟಾಗಿ ತಿನ್ನದ ಆಹಾರಗಳಿಗೂ ಇತ್ತು. ಆದರೆ ಲಕ್ಷಣವೂ ಐಜಿಇಯೂ ಹೊಂದಿಕೆಯಾಗುವ ಆಹಾರದ ಅಲರ್ಜಿಯ ಪ್ರಮಾಣ ಜನಸಂಖ್ಯೆಯಲ್ಲಿ ಬರೀ 1.2%. ವಯಸ್ಕರ ಅಂಕಿ ಹಸುಗೂಸಿಗೆ ಹಾಗೇ ಹೊಂದಲ್ಲ, ನಿಜ. ಆದರೆ ಪಾಸಿಟಿವ್ ಬಂದದ್ದನ್ನೆಲ್ಲ ಅಲರ್ಜಿ ಅಂತ ಕರೆದರೆ ಎಷ್ಟು ಜನ ಸುಮ್ಮನೆ ಪಥ್ಯಕ್ಕೆ ಬೀಳುತ್ತಾರೆ ಅನ್ನೋದು ಇದರಿಂದ ಅಂದಾಜಾಗುತ್ತದೆ.

'ಫುಡ್ ಇನ್‌ಟಾಲರೆನ್ಸ್' ಹೆಸರಿನಲ್ಲಿ ಮಾರುವ ಐಜಿಜಿ ಟೆಸ್ಟ್‌ಗಳ ಕಥೆ ಇನ್ನೂ ಕೆಟ್ಟದು. ಆಹಾರದ ವಿರುದ್ಧದ ಐಜಿಜಿ, ಆ ಆಹಾರವನ್ನು ನೀವು ತಿಂದಿದ್ದೀರಿ ಅನ್ನೋದರ ಗುರುತು ಮಾತ್ರ. ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಇದನ್ನು ರೋಗ ಪತ್ತೆಗೆ ಬಳಸಬೇಡಿ ಅಂದಿದೆ.

ತಾಯಿಯ ತಟ್ಟೆಯ ಮೇಲಿನ ಆರೋಪ

ನಮ್ಮಲ್ಲಿ ಬಾಣಂತಿಗೆ ಮೊದಲೇ ಪಥ್ಯ. ಬದನೆಕಾಯಿ ನಂಜು, ಕುಂಬಳಕಾಯಿ ಶೀತ, ಮೊಟ್ಟೆ ಉಷ್ಣ. ಮಗುವಿಗೆ ಇಸುಬು ಬಂದರೆ ಪಟ್ಟಿ ಇನ್ನೂ ಉದ್ದವಾಗುತ್ತದೆ. ಬಸುರಿಯಲ್ಲಿ, ಹಾಲೂಡಿಸುವಾಗ ತಾಯಿ ಇಂಥಿಂಥ ಆಹಾರ ಬಿಟ್ಟರೆ ಮಗುವಿಗೆ ಇಸುಬು ಬರುವುದಿಲ್ಲವೇ ಎಂದು ಕಾಕ್ರೇನ್ ಪರಾಮರ್ಶೆ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದೆ. ಅದಕ್ಕೆ ಪುರಾವೆ ಸಿಕ್ಕಿಲ್ಲ. ಎನ್‌ಎಫ್‌ಎಚ್‌ಎಸ್-5ರ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 35.4% ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ, 65.5% ಮಕ್ಕಳಿಗೆ ರಕ್ತಹೀನತೆ. ಶಾಲೆಯಲ್ಲಿ ಮೊಟ್ಟೆ ಕೊಡಬೇಕಾ ಬೇಡವಾ ಅಂತ ಬೀದಿಯಲ್ಲಿ ಜಗಳ ಆಡಿದ ರಾಜ್ಯ ನಮ್ಮದು. ಇಲ್ಲಿ ಒಂದು ತಪ್ಪು ಓದಿದ ರಿಪೋರ್ಟಿನ ಆಧಾರದ ಮೇಲೆ ತಾಯಿ-ಮಗು ಇಬ್ಬರ ಹಾಲು-ಮೊಟ್ಟೆ ಕಸಿಯುವುದು ಸಣ್ಣ ವಿಷಯ ಅಲ್ಲ.

ಮನೆಯಲ್ಲಿ ಏನು ಮಾಡಬಹುದು?

— ಒಣಗಿ, ಕೆಂಪಾಗಿ, ತುರಿಸುವ ಚರ್ಮ ಕಂಡರೆ 'ತಾನಾಗೇ ಹೋಗುತ್ತೆ' ಅಂತ ಕಾಯಬೇಡಿ. ಮಕ್ಕಳ ಅಥವಾ ಚರ್ಮದ ಡಾಕ್ಟರಿಗೆ ತೋರಿಸಿ. ಇಸುಬು ಬಂದ ಚರ್ಮಕ್ಕೆ ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ದಿನಾ ಬೇಕು.

— ಸ್ಟೀರಾಯ್ಡ್ ಮುಲಾಮಿಗೆ ಹೆದರಿ ಬಿಡುವುದೂ ತಪ್ಪು, ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದು ಹಚ್ಚುವುದೂ ತಪ್ಪು. ಚೀಟಿಯಿಲ್ಲದೆ ಮಾರುವ ಹಾವಳಿ ತಡೆಯಲೆಂದೇ ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಔಷಧಿಗಳನ್ನು ಶೆಡ್ಯೂಲ್ ಎಚ್‌ಗೆ ಕಟ್ಟುನಿಟ್ಟಾಗಿ ಸೇರಿಸಿತು.

— ಎಣ್ಣೆನೀರು ಹಾಕುವ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಗ್ಗೆ ಹೆಚ್ಚು ತಕರಾರಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಇಸುಬಿದ್ದ ಮಕ್ಕಳ ಮೇಲಿನ 2014ರ ಪ್ರಯೋಗದಲ್ಲಿ ಅದು ಖನಿಜ ಎಣ್ಣೆಗಿಂತ ಒಳ್ಳೆಯ ಫಲ ಕೊಟ್ಟಿತು. ಆಲಿವ್ ಎಣ್ಣೆ ಚರ್ಮದ ಪದರವನ್ನು ಕೆಡಿಸುತ್ತದೆ ಅಂತ ಬ್ರಿಟನ್ನಿನ ಪ್ರಯೋಗಗಳು ತೋರಿಸಿವೆ. ಸೀಗೆಪುಡಿ, ಕಡಲೆಹಿಟ್ಟು ಹಾಕಿ ಉಜ್ಜುವುದನ್ನು ಇಸುಬಿರುವ ಮಗುವಿಗೆ ಬಿಟ್ಟುಬಿಡಿ. ಉಜ್ಜಿದರೆ ಗೋಡೆ ಇನ್ನಷ್ಟು ಸವೆಯುತ್ತದೆ, ಆಹಾರದ ಪ್ರೊಟೀನನ್ನು ಬಿರುಕು ಬಿಟ್ಟ ಚರ್ಮಕ್ಕೆ ತಿಕ್ಕಿದಂತೆಯೂ ಆಗುತ್ತದೆ.

— ಆರು ತಿಂಗಳು ಎದೆಹಾಲು. ಆಮೇಲೆ ರಾಗಿ ಸರಿ, ಅನ್ನ, ಬೇಳೆ ಜೊತೆ ಚೆನ್ನಾಗಿ ಬೆಂದ ಮೊಟ್ಟೆ, ಕಡಲೆಕಾಯಿಯನ್ನೂ ತಡಮಾಡದೆ ಶುರುಮಾಡಿ. ಇಡೀ ಕಡಲೆಕಾಯಿ ಬೀಜ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು ಸರಿಯಲ್ಲಿ ಕದಡಿ ಕೊಡಿ. ಇಸುಬು ತೀವ್ರವಾಗಿದ್ದರೆ ಮೊದಲ ತುತ್ತಿಗೆ ಮುಂಚೆ ಡಾಕ್ಟರನ್ನು ಕೇಳಿ.

— ಒಂದು ಆಹಾರ ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಗಂಧೆ, ತುಟಿ-ಕಣ್ಣಿನ ಊತ, ಮತ್ತೆ ಮತ್ತೆ ವಾಂತಿ, ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಓಡಿ. ಐಜಿಇ ಪರೀಕ್ಷೆಗೆ ನಿಜವಾದ ಅರ್ಥ ಬರುವುದು ಇಂಥ ಮಗುವಿನಲ್ಲಿ, ಅದೂ ಆ ಒಂದು ಆಹಾರಕ್ಕೆ.

— ಮಗು ತಿನ್ನುತ್ತಾ ಬಂದಿರುವ ಆಹಾರವನ್ನು ರಿಪೋರ್ಟ್ ನೋಡಿ ನಿಲ್ಲಿಸಬೇಡಿ. ಹೀಗೆ ನಿಲ್ಲಿಸಿ, ತಿಂಗಳುಗಳ ನಂತರ ಮತ್ತೆ ಕೊಟ್ಟಾಗ ಕೆಲವು ಮಕ್ಕಳಿಗೆ ತೀವ್ರ ಅಲರ್ಜಿ ಆದದ್ದಿದೆ.

ಇದು ಮನೆಯೊಳಗೆ ಮುಗಿಯುವ ವಿಷಯ ಅಲ್ಲ

ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಬರಬೇಕು ಅಂತ ಸರ್ಕಾರದ ನಿಯಮವೇ ಇದೆ. ತೂಕ, ಜ್ವರ, ಹೊಕ್ಕುಳು ನೋಡುವ ಆ ಕೈಗೆ ಒಣ ಚರ್ಮ ಗುರುತಿಸುವ ತರಬೇತಿಯನ್ನೂ ಕೊಟ್ಟರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾದಾ ಮಾಯಿಶ್ಚರೈಸರ್ ಪುಕ್ಕಟೆ ಸಿಕ್ಕರೆ, ಬಡ ಮನೆಯ ಮಗುವಿನ ಇಸುಬೂ ಸಮಯಕ್ಕೆ ಸರಿಯಾಗಿ ಕಣ್ಣಿಗೆ ಬೀಳುತ್ತದೆ. ಹಸುಗೂಸುಗಳ ಅಲರ್ಜಿ ಪ್ಯಾನೆಲ್ ಅನ್ನು ಡಾಕ್ಟರ್ ಚೀಟಿಯಿಲ್ಲದೆ, ಆಫರ್ ಹಾಕಿ ಮಾರುವುದಕ್ಕೂ ಲಗಾಮು ಬೇಕು.

ಅಲ್ಲಿಯವರೆಗೆ ನಿಮ್ಮ ಮನೆಯಲ್ಲೋ ಗೆಳೆಯರ ಮನೆಯಲ್ಲೋ ಮಗುವಿನ ಕೆನ್ನೆ ಕೆಂಪಾದಾಗ, ತಾಯಿಯನ್ನು ಏನು ತಿಂದೆ ಅಂತ ಕೇಳುವ ಮೊದಲು ಮಗುವಿನ ಚರ್ಮವನ್ನು ಡಾಕ್ಟರಿಗೆ ತೋರಿಸಿದ್ದೀರಾ ಅಂತ ಕೇಳಿ.